ಮೀಟರ್ ಓಡಾಕತ್ತೈತಿ!

ಮುಂಬಯಿಗೆ ಬಂದ ದಿನದಿಂದಲೂ ಬಸವಂತರಾಯರಿಗೂ ಮೀಟರಿಗೂ ಆಗಿಬರುವುದಿಲ್ಲ. ರಿಕ್ಷಾದಲ್ಲಿ ಕೂತರೆ ಅವರು ದಾರಿ ನೋಡುವವರಲ್ಲ, ಮೀಟರ್ ನೋಡುವವರು. ಸಿಗ್ನಲ್ಲಿನಲ್ಲಿ ರಿಕ್ಷಾ ನಿಂತು ಮೀಟರ್ ಮಾತ್ರ ಓಡುತ್ತಿದ್ದರೆ ಅವರ ರಕ್ತದೊತ್ತಡವೂ ಅದರ ಜೊತೆಗೇ ಓಡುತ್ತದೆ. ಒಮ್ಮೆ ಘಾಟ್ಕೋಪರ್ ಸ್ಟೇಷನ್ನಿನಿಂದ ಮನೆಗೆ ಬರುವಾಗ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಹೆಂಡತಿಯನ್ನೂ ಜೋಳದ ಚೀಲವನ್ನೂ ರಿಕ್ಷಾದಲ್ಲೇ ಬಿಟ್ಟು ತಾವೊಬ್ಬರೇ ಇಳಿದು ನಡೆದುಬಂದಿದ್ದರು. (ಒಬ್ಬರು ಇಳಿದರೆ ಮೀಟರ್ ನಿಧಾನ ಓಡೀತೆಂಬ ಅವರ ಲೆಕ್ಕ ಇಂದಿಗೂ ಯಾರಿಗೂ ಅರ್ಥವಾಗಿಲ್ಲ.)

ಇಂಥ ಮನುಷ್ಯನ ಮನೆಯ ಹಾಲ್‌ನಲ್ಲೇ ಮೀಟರ್ ಬಂದು ಕೂತರೆ ಗತಿಯೇನು?

ಅದು ಬಂದದ್ದು ಹೀಗೆ. ಅವರ ಹೆಂಡತಿ ಶಿವಕುಮಾರಿ ಸಯನ್ನಿನ ಒಬ್ಬ ಆಡಿಟರ ಆಫೀಸಿನಲ್ಲಿ ಬಹಳ ವರ್ಷ ದುಡಿದವಳು. ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತುಂಬುವುದರಲ್ಲಿ ಅವಳ ಕೈ ಎಷ್ಟು ಪಳಗಿತ್ತೆಂದರೆ, ಆಡಿಟರು ಸಹಿ ಮಾತ್ರ ಮಾಡುತ್ತಿದ್ದರು; ಉಳಿದದ್ದನ್ನೆಲ್ಲ ಅವಳೇ ಮಾಡುತ್ತಿದ್ದಳು. ವಯಸ್ಸಾಯಿತೆಂದು ಆಡಿಟರು ಆಫೀಸು ಮುಚ್ಚಿದಾಗ ಗಿರಾಕಿಗಳೆಲ್ಲ ಇವಳ ಬೆನ್ನು ಹತ್ತಿದರು. ವಿಜಯಪುರ ಕಡೆಯ ಕಾಂಟ್ರಾಕ್ಟರುಗಳು, ಖಾನಾವಳಿಯವರು, ಮುನಿಸಿಪಲ್ ಶಾಲೆಯ ಮಾಸ್ತರರು, ಎಲ್ಲರದೂ ಒಂದೇ ಪ್ರಶ್ನೆ: "ಅಕ್ಕಾರ, ಇನ್ನ ನಮ್ಮ ರಿಟರ್ನ್ ಯಾರ ತುಂಬಬೇಕ್ರಿ?"

"ನಾನ ತುಂಬತೀನಿ" ಎಂದುಬಿಟ್ಟಳು ಶಿವಕುಮಾರಿ.

ಟ್ರಾನ್ಸ್‌ಪೋರ್ಟ್ ಕಂಪನಿಯೊಂದರಿಂದ ಆಗತಾನೇ ನಿವೃತ್ತರಾಗಿ, ಇನ್ನು ಇಬ್ಬರೂ ಕಾಲು ಚಾಚಿ ಕೂರೋಣವೆಂದುಕೊಂಡಿದ್ದ ಬಸವಂತರಾಯರು ಚಾಚಿದ ಕಾಲನ್ನು ಹಿಂದಕ್ಕೆ ಎಳೆದುಕೊಂಡರು.

"ಈ ವಯಸ್ಸಿನ್ಯಾಗ ಏನ್ ಹುಚ್ಚ ಇದು?"

"ಒಂದು ಸೀಜನ್ ನೋಡತೀನ್ರಿ. ಜುಲೈ ಮುಗಿಯೂದ್ರಾಗ ಇದು ನನ್ನ ಕೈಲೆ ಆಗತೈತೋ ಇಲ್ಲೋ ಗೊತ್ತಾಗತೈತಿ. ಆಗಲಿಲ್ಲಂದ್ರ ಮತ್ತೊಬ್ಬರ ಕೈ ಕೆಳಗ ಹೋಗಿ ಕುಂದರೂದು ಇದ್ದ ಐತಿ."

ಕೊನೆಯ ಮಾತನ್ನು ಆಕೆ ನಗುತ್ತಲೇ ಹೇಳಿದಳು. ಆದರೆ ಬಸವಂತರಾಯರಿಗೆ ಆ ನಗೆಯ ಒಳಗಿನ ಅಳುಕು ಕಂಡಿತು. ಅವರು ಮತ್ತೆ ಅಡ್ಡ ಮಾತಾಡಲಿಲ್ಲ.

ರಿಟರ್ನ್ ತುಂಬಲು ಸಾಫ್ಟ್‌ವೇರ್ ಬೇಕಾಯಿತು. ಕಾಂದಿವಲಿಯ ಒಂದು ಕಂಪನಿ ಎರಡು ಬಗೆಯಲ್ಲಿ ಕೊಡುತ್ತಿತ್ತು. ಇಡೀ ವರ್ಷದ ಹಣವನ್ನು ಒಮ್ಮೆಲೇ ಕಟ್ಟುವುದು ಒಂದು ಬಗೆ. ಮೊದಲು ಏನೂ ಕಟ್ಟದೆ, ಬಳಸಿದಂತೆ ಕೊಡುತ್ತ ಹೋಗುವುದು ಇನ್ನೊಂದು. ಗಿರಾಕಿಗಳು ಎಷ್ಟು ಜನ ಬರುತ್ತಾರೋ ಯಾರಿಗೆ ಗೊತ್ತು? ಶಿವಕುಮಾರಿ ಎರಡನೆಯದನ್ನು ಆರಿಸಿ, ಜೂನ್ ಒಂದರಂದು ಲ್ಯಾಪ್‌ಟಾಪ್ ತೆರೆದು ಕೂತಳು.

"ಅದಕ್ಕೇನಂತಾರ?" ಎಂದು ಬಸವಂತರಾಯರು ಪೇಪರಿನ ಹಿಂದಿನಿಂದ ಕೇಳಿದರು.

"ಪೇ ಪರ್ ಯೂಸ್ ಅಂತ. ಬಳಸಿದಷ್ಟಕ್ಕ ರೊಕ್ಕ."

ಪೇಪರು ಕೆಳಗಿಳಿಯಿತು. "ಅಂದ್ರ ರಿಕ್ಷಾದಂಗ!"

ಅವಳು ಏನೋ ಹೇಳುವಷ್ಟರಲ್ಲಿ ಒಳಗೆ ಹಾಲು ಉಕ್ಕುವ ವಾಸನೆ ಬಂತು. ಶಿವಕುಮಾರಿ ಲ್ಯಾಪ್‌ಟಾಪನ್ನು ಹಾಗೇ ಬಿಟ್ಟು ಎದ್ದಳು. ಪರದೆಯ ಮೇಲೆ ಸಾಫ್ಟ್‌ವೇರ್ ತೆರೆದೇ ಇತ್ತು, ಮೂಲೆಯಲ್ಲಿ ಗಡಿಯಾರ ಬೇರೆ ಓಡುತ್ತಿತ್ತು. ಬಸವಂತರಾಯರಿಗೆ ಸಿಗ್ನಲ್ಲಿನಲ್ಲಿ ನಿಂತ ರಿಕ್ಷಾ ಕಣ್ಣಿಗೆ ಕಟ್ಟಿತು.

"ಏ ಶಿವಕುಮಾರೀ! ಎದ್ದೆಲ್ಲಿ ಹೊಂಟಿ? ಮೀಟರ್ ಓಡಾಕತ್ತೈತಿ! ನೀ ಕುಂದರು, ಹಾಲು ನಾ ನೋಡತೀನಿ!"

ಮದುವೆಯಾದ ಮೇಲೆ ಮೊದಲ ಸಲ ಬಸವಂತರಾಯರು ಅಡುಗೆಮನೆಗೆ ಓಡಿದರು. ಉಕ್ಕಿದ್ದನ್ನು ಒರೆಸಿದರು. ಉಳಿದ ಹಾಲನ್ನು ಏನು ಮಾಡುವುದು? ಹೇಗೂ ಬಂದದ್ದಾಯಿತೆಂದು ಚಹಾ ಮಾಡಿದರು. ಶುಂಠಿ ಅಳತೆ ತಪ್ಪಿತ್ತು, ಸಕ್ಕರೆ ನೆನಪು ತಪ್ಪಿತ್ತು. ಆದರೂ ಕಪ್ಪನ್ನು ತಂದು ಲ್ಯಾಪ್‌ಟಾಪಿನ ಪಕ್ಕದಲ್ಲಿಟ್ಟರು.

ಶಿವಕುಮಾರಿ ಕಪ್ಪನ್ನು ನೋಡಿದಳು. ಗಂಡನನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಮತ್ತೊಮ್ಮೆ ಕಪ್ಪನ್ನು ನೋಡಿ ಬಾಯಿ ಮುಚ್ಚಿ, ಒಂದು ಗುಟುಕು ಕುಡಿದು, ಕಣ್ಣಂಚಿನ ನೀರು ಒರೆಸಿಕೊಂಡು (ಶುಂಠಿ!) ಕೆಲಸಕ್ಕೆ ತೊಡಗಿದಳು.

ಅಲ್ಲಿಂದ ಆ ಮನೆಯಲ್ಲಿ ಹೊಸ ಶಾಸನ ಜಾರಿಗೆ ಬಂತು. ಲ್ಯಾಪ್‌ಟಾಪ್ ತೆರೆದಿರುವಷ್ಟು ಹೊತ್ತು ಶಿವಕುಮಾರಿ ಏಳುವಂತಿಲ್ಲ. ಬಾಗಿಲ ಗಂಟೆ ಬಾರಿಸಿದರೆ ಬಸವಂತರಾಯರು. ಕುಕ್ಕರ್ ಸೀಟಿ ಹೊಡೆದರೆ ಬಸವಂತರಾಯರು. ತರಕಾರಿಯವಳು ಕೆಳಗಿನಿಂದ ಕೂಗಿದರೆ ಕಿಟಕಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಸುವವರು ಬಸವಂತರಾಯರು. ಊರಿನಿಂದ ನಾದಿನಿ ಫೋನ್ ಮಾಡಿದರೆ, "ಅಕ್ಕ ಮೀಟರ್ ಮ್ಯಾಲೆ ಕುಂತಾಳ, ಆಮ್ಯಾಲೆ ಮಾಡವಾ" ಎಂದು ಇಟ್ಟುಬಿಡುವರು. (ಅಕ್ಕ ಯಾವ ಮೀಟರಿನ ಮೇಲೆ, ಯಾಕೆ ಕೂತಿದ್ದಾಳೆಂದು ಆಕೆ ಗಾಬರಿಯಾಗಿ ಮತ್ತೆ ಮತ್ತೆ ಫೋನ್ ಮಾಡುತ್ತಿದ್ದಳು.) ಯೋಚಿಸಲು ಹೆಂಡತಿ ಒಂದು ನಿಮಿಷ ಕೈ ನಿಲ್ಲಿಸಿದರೂ ಅವರ ಜೀವ ಹೋಗುತ್ತಿತ್ತು.

"ವಿಚಾರ ಮಾಡೂದಿದ್ರ ಬಂದ್ ಮಾಡಿ ಮಾಡು ಮಾರಾಯ್ತಿ! ತೆರದಿಟ್ಟು ಯಾಕ ವಿಚಾರ ಮಾಡತಿ?"

"ಹೌದಲ್ರೀ" ಎನ್ನುವಳು ಆಕೆ ಮೃದುವಾಗಿ. "ಚಹಾ ಇನ್ನೊಂದೀಟು ಸಿಗತೈತೇನ್ರಿ?"

ಜೂನ್ ಮುಗಿಯುವಷ್ಟರಲ್ಲಿ ಬಸವಂತರಾಯರ ಶುಂಠಿ ಅಳತೆಗೆ ಬಂತು. ಜುಲೈ ಹಿಡಿಯುವಾಗ ಚಪಾತಿ ಗುಂಡಗಾಗತೊಡಗಿತು. ಗಿರಾಕಿಗಳನ್ನು ಬಾಗಿಲಲ್ಲೇ ತಡೆದು, "ಆರಾಮ ಅದೀರಿ? ಮಳಿ ಹೆಂಗೈತಿ? ಮಕ್ಕಳು ಚಲೋ ಅದಾರ? ಮುಗೀತಲ್ಲ? ಇನ್ನ ಒಳಗ ಬರೇ ಲೆಕ್ಕದ ಮಾತು!" ಎಂದು ಕುಶಲಪ್ರಶ್ನೆಗಳನ್ನೆಲ್ಲ ಹೊರಗೇ ತೀರಿಸಿ ಕಳಿಸುವ ಪದ್ಧತಿಯನ್ನೂ ತಂದರು. ಬಂದವರ ಕಾಗದಪತ್ರಗಳನ್ನು ಮೆಟ್ಟಿಲ ಮೇಲೇ ಪರೀಕ್ಷಿಸಿ, ಬ್ಯಾಂಕಿನ ಪಾಸ್‌ಬುಕ್ ತರದವರನ್ನು ಅಲ್ಲಿಂದಲೇ ವಾಪಸು ಅಟ್ಟಿದರು. ಇದರಿಂದ ಶಿವಕುಮಾರಿಯ ಕೆಲಸ ಎಷ್ಟು ಹಗುರಾಯಿತೆಂದರೆ, ಸಯನ್ನಿನ ಆಫೀಸಿನಲ್ಲಿ ಇಡೀ ದಿನ ಹಿಡಿಯುತ್ತಿದ್ದದ್ದು ಇಲ್ಲಿ ಮಧ್ಯಾಹ್ನದ ಊಟಕ್ಕೆ ಮುಗಿಯುತ್ತಿತ್ತು.

ಎದುರು ಫ್ಲ್ಯಾಟಿನ ಅಮೋಲ್ ಬೆಳಗಾವಿಯ ಹುಡುಗ, ಇನ್ಶೂರೆನ್ಸ್ ಕಂಪನಿಯಲ್ಲಿ ಕೆಲಸ. ಟ್ರೇ ಹಿಡಿದ ಬಸವಂತರಾಯರನ್ನು ಕಂಡಾಗಲೆಲ್ಲ ಅವನಿಗೆ ನಗು ತಡೆಯುತ್ತಿರಲಿಲ್ಲ.

"ಕ್ಯಾ ಕಾಕಾ, ಹೋಟೆಲ್ ಹಾಕಿದ್ರಿ ಏನು?"

"ನಗಬ್ಯಾಡಪಾ ಅಮೋಲ್. ನಿಮ್ಮ ಮನಿಯಾಗ ಮೀಟರ್ ಇಲ್ಲ, ನಿನಗೆ ತಿಳಿಯಂಗಿಲ್ಲ" ಎಂದು ಬಸವಂತರಾಯರು ಗಂಭೀರವಾಗಿ ಒಳಗೆ ಹೋಗುವರು.

ಆದರೆ ಮೀಟರಿನ ಭಯದ ನಡುವೆಯೂ ಅವರೊಳಗೆ ಇನ್ನೊಂದು ಬೆಳೆಯುತ್ತಿತ್ತು. ಇಷ್ಟು ವರ್ಷ ಹೆಂಡತಿ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಹೋಗಿ ಸಂಜೆ ಬರುವುದನ್ನು ಕಂಡಿದ್ದರೇ ಹೊರತು ಅಲ್ಲಿ ಏನು ಮಾಡುತ್ತಾಳೆಂದು ಕಂಡಿರಲಿಲ್ಲ. ಈಗ ಕಣ್ಣೆದುರೇ ನಡೆಯುತ್ತಿತ್ತು. ಕಾಶಪ್ಪ ಎಂಬ ಟೈಲ್ಸ್ ಕಾಂಟ್ರಾಕ್ಟರನ ಕೆಲಸ ಬಂದ ದಿನವಂತೂ ಅವರು ಟ್ರೇ ಹಿಡಿದದ್ದನ್ನೇ ಮರೆತು ನಿಂತುಬಿಟ್ಟರು.

ಕಾಶಪ್ಪನಿಗೆ ಕೊಡಬೇಕಾದ ಹಣದಿಂದ ಬಿಲ್ಡರ್ ಟ್ಯಾಕ್ಸ್ ಹಿಡಿದುಕೊಂಡಿದ್ದ. ಆದರೆ ಅದು ಕಾಶಪ್ಪನ ಹೆಸರಿಗೆ ಸರಕಾರದಲ್ಲಿ ಜಮೆಯೇ ಆಗಿರಲಿಲ್ಲ. "ಹೋಗಲಿ ಬಿಡ್ರಿ ಅಕ್ಕಾರ, ದೊಡ್ಡಮಂದಿ ಕೂಡ ಯಾರ ಬಡದಾಡಬೇಕು?" ಎಂದ ಕಾಶಪ್ಪ. ಮಗಳನ್ನು ನರ್ಸಿಂಗಿಗೆ ಸೇರಿಸಬೇಕೆಂದು ಅದೇ ಹಣ ನೆಚ್ಚಿಕೊಂಡಿದ್ದವನು ಅವನು.

ಶಿವಕುಮಾರಿ ಬಿಲ್ಡರನ ಆಫೀಸಿಗೆ ಫೋನ್ ಹಚ್ಚಿದಳು. ಮರಾಠಿಯಲ್ಲಿ ಮೊದಲು ಕ್ಷೇಮಸಮಾಚಾರ ಕೇಳಿದಳು. ಆಮೇಲೆ ಹಿಂದಿಯಲ್ಲಿ ಕಾಯಿದೆ ಹೇಳಿದಳು. ಅದೂ ನಾಟದಿದ್ದಾಗ, ಇಂಗ್ಲಿಷಿನಲ್ಲಿ ಬಹಳ ಮೆತ್ತಗೆ, ಇಲಾಖೆಗೆ ತಾನು ಬರೆಯಲಿರುವ ಪತ್ರವನ್ನು ಓದಿ ಹೇಳಿದಳು. ಒಮ್ಮೆಯೂ ದನಿ ಏರಲಿಲ್ಲ. ವಾರದೊಳಗೆ ಬಿಲ್ಡರ್ ಜಮೆ ಮಾಡಿದ, ಅದರಲ್ಲೂ ಒಂದು ತಪ್ಪು ಮಾಡಿದ, ಮತ್ತೆ ತಿದ್ದಿದ. ಅವನು ಬದಲಿಸಿದಾಗಲೆಲ್ಲ ಶಿವಕುಮಾರಿ ಕಾಶಪ್ಪನ ರಿಟರ್ನನ್ನು ತೆರೆದಳು, ತಿದ್ದಿದಳು, ಮುಚ್ಚಿದಳು. ಕೊನೆಗೆ ಹಣ ವಾಪಸು ಬರುವುದು ಖಾತ್ರಿಯಾದಾಗ ಕಾಶಪ್ಪ ಬಸವಂತರಾಯರ ಕಾಲಿಗೆ ಬಿದ್ದ. (ಶಿವಕುಮಾರಿ ಮೀಟರಿನ ಮೇಲಿದ್ದುದರಿಂದ ನಮಸ್ಕಾರ ಸ್ವೀಕರಿಸುವ ಕೆಲಸವೂ ಅವರದೇ ಆಗಿತ್ತು.)

ಅಂದು ಬಸವಂತರಾಯರ ಎದೆ ಉಬ್ಬಿತು. ಉಬ್ಬಿದ ಎದೆಯೊಳಗೇ ಧಸಕ್ಕೆಂದಿತು. ಒಬ್ಬ ಕಾಶಪ್ಪನಿಗೇ ಇಷ್ಟು ಸಲ ತೆರೆದು ಮುಚ್ಚಿದ್ದಾದರೆ ಉಳಿದವರದು? ಬೆಳಗಿನಿಂದ ಸಂಜೆಯವರೆಗೆ ಎರಡು ತಿಂಗಳು ಓಡಿದ ಮೀಟರಿನ ಬಿಲ್ಲು ಒಂದು ದಿನ ಬಂದೇ ಬರುತ್ತದೆ. ಅದನ್ನು ಕಂಡು ಇವಳು ಸೋತೆನೆಂದು ಕೂತುಬಿಟ್ಟರೆ? ಮತ್ತೊಬ್ಬರ ಕೈ ಕೆಳಗೆ ಹೋಗಿ ಕೂತರೆ? ಬಿಲ್ಡರನನ್ನು ಬಗ್ಗಿಸಿದ ಹೆಂಗಸು ಯಾರದೋ ಆಫೀಸಿನ ಮೂಲೆಯಲ್ಲಿ ಕೂರುವುದೇ? ಆ ಚಿತ್ರ ಅವರಿಗೆ ಸಹಿಸಲಾಗಲಿಲ್ಲ.

ರಿಟರ್ನ್ ತುಂಬುವ ಕೊನೆಯ ತಾರೀಖು ಹತ್ತಿರವಾದ ಒಂದು ಬೆಳಿಗ್ಗೆ, "ಬ್ಯಾಂಕಿಗೆ ಹೋಗಿ ಬರತೀನಿ" ಎಂದು ಸುಳ್ಳು ಹೇಳಿ, ಧಾರವಾಡ ಪೇಡೆಯ ಪೆಟ್ಟಿಗೆಯೊಂದನ್ನು ಬಗಲಲ್ಲಿಟ್ಟುಕೊಂಡು ಬಸವಂತರಾಯರು ಹೊರಟರು. ಘಾಟ್ಕೋಪರಿನಿಂದ ಮೆಟ್ರೋ ಹಿಡಿದು ಅಂಧೇರಿಗೆ, ಅಲ್ಲಿಂದ ಲೋಕಲ್ ಹಿಡಿದು ಕಾಂದಿವಲಿಗೆ. ಕಂಪನಿಯವರ ಕೈಕಾಲು ಹಿಡಿದಾದರೂ ಬಿಲ್ಲನ್ನು ಕಂತಿಗೆ ಹಾಕಿಸಬೇಕೆಂಬುದು ಅವರ ಸಂಕಲ್ಪ.

ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ, ಬಾಟಲಿ ಮುಚ್ಚಳ ಮಾಡುವ ಕಾರ್ಖಾನೆಯ ಮೇಲಿತ್ತು ಆ ಆಫೀಸು. ಗಿರಾಕಿಗಳನ್ನು ವಿಚಾರಿಸುವ ಮೇಜಿನ ಹಿಂದೆ ಶೀತಲ ಎಂಬ ಹುಡುಗಿ ಕೂತಿದ್ದಳು. ಪೇಡೆ ಪೆಟ್ಟಿಗೆಯ ಮೇಲಿನ ಕನ್ನಡ ಅಕ್ಷರ ನೋಡಿ ಅವಳ ಮುಖ ಅರಳಿತು.

"ಕಾಕಾ, ನಮ್ದು ಭೀ ಆ ಕಡೇನೇ, ಬೆಳಗಾವಿ. ಕನ್ನಡ ಥೋಡಾ ಥೋಡಾ ಬರ್ತದೆ. ಬೋಲಿಯೇ."

ಬಸವಂತರಾಯರು ಪೆಟ್ಟಿಗೆ ಮುಂದೆ ಸರಿಸಿ ದನಿ ತಗ್ಗಿಸಿದರು. "ಮಗಳ, ನಮ್ಮ ಮನಿಯಾಗ ನಿಮ್ಮ ಮೀಟರ್ ಭಾಳ ಓಡೈತಿ."

"ಕೌನ್ಸಾ ಮೀಟರ್?"

"ಅದ, ಬಳಸಿದಷ್ಟಕ್ಕ ರೊಕ್ಕ."

ಶೀತಲ ಒಂದು ಗಳಿಗೆ ನೋಡಿ ನಕ್ಕಳು. "ಅಯ್ಯೋ ಕಾಕಾ! ಟೈಮ್‌ದು ಪೈಸಾ ಇಲ್ಲ. ರಿಟರ್ನ್‌ದು ಪೈಸಾ. ಏಕ್ ಕ್ಲೈಂಟ್, ವರ್ಷಕ್ಕೆ ಏಕ್ ಬಾರ್. ರಿಟರ್ನ್ ಸರಕಾರಕ್ಕೆ ಹೋದಾಗ ಮಾತ್ರ ಬಿಲ್ ಆಗ್ತದೆ."

"ದಿನಾ ಪೂರ್ತಿ ತೆರದಿಟ್ರ?"

"ಲೈಟ್ ಬಿಲ್ ಬರ್ತದೆ, ಬಸ್."

"ತಪ್ಪಾತು ಅಂತ ಅದನ್ನ ಮತ್ತ ಮತ್ತ ತೆರದ್ರ?"

"ಅದು ಫ್ರೀ."

"ಕಳಿಸಿದ ಮ್ಯಾಲೆ ತಿದ್ದಿ ಮತ್ತ ಕಳಿಸಿದ್ರ?"

"ಸೇಮ್ ಕ್ಲೈಂಟ್ ಆದ್ರೆ ಅದೂ ಫ್ರೀ."

ಬಸವಂತರಾಯರು ಕೊನೆಯದನ್ನು ಬಹಳ ಭಯದಿಂದ ಕೇಳಿದರು. "ತೆರದಿಟ್ಟು... ಸುಮ್ನ ವಿಚಾರ ಮಾಡಕೋತ ಕುಂತ್ರ?"

"ವಿಚಾರ್ ಭೀ ಫ್ರೀ ಕಾಕಾ!"

ಬಸವಂತರಾಯರ ತಲೆಯ ಮೇಲಿಂದ ಒಂದು ಲಾರಿ ಲೋಡು ಇಳಿದಂತಾಯಿತು. ಬದುಕಿದಳು ಹೆಂಡತಿ! ಗೆದ್ದಳು! ಪಾಪ, ಅವಳಿಗೂ ಇದು ಗೊತ್ತಿಲ್ಲ, ಎರಡು ತಿಂಗಳು ಜೀವ ಕೈಯಲ್ಲಿ ಹಿಡಿದು ಕೂತಿದ್ದಾಳೆ! "ಮಗಳ, ನೀನ ಫೋನ್ ಮಾಡಿ ಇದನ್ನ ಅಕಿಗೆ ತಿಳಿಸಿ ಹೇಳು. ಘಾಟ್ಕೋಪರಿನ ಶಿವಕುಮಾರಿ ಅಂತ."

ಶೀತಲಳ ಕೈಯಲ್ಲಿದ್ದ ಪೇಡೆ ಅರ್ಧದಲ್ಲೇ ನಿಂತಿತು. "ಶಿವಕುಮಾರಿ ಮ್ಯಾಡಮ್? ಅವರಿಗೆ ನಾನು ತಿಳಿಸೋದಾ? ಕಾಕಾ, ಸಾಫ್ಟ್‌ವೇರ್ ತಗೊಳ್ಳೋ ಪೆಹಲೇ ಅವರು ಫೋನ್ ಮಾಡಿ ಎಷ್ಟು ಸವಾಲ್ ಕೇಳಿದ್ರು ಗೊತ್ತಾ? ಅರ್ಧಕ್ಕೆ ಬಿಟ್ರೆ ಬಿಲ್ ಆಗ್ತದಾ, ತಿದ್ದಿದ್ರೆ ಬಿಲ್ ಆಗ್ತದಾ, ಮುಂದಿನ ವರ್ಷ ರೇಟ್ ಬದಲಾಗ್ತದಾ... ಥೋಡಾ ಸವಾಲ್‌ದು ಜವಾಬ್ ನಮ್ಗೇ ಬರಲಿಲ್ಲ. ಸಾಹೇಬ್ರು ಖುದ್ ಫೋನ್ ಮಾಡಿ ಹೇಳಿದ್ರು. ಈಗ ನಾವು ಹೊಸ ಹುಡುಗೀರಿಗೆ ಅದೇ ಸವಾಲ್ ಕಲಿಸ್ತೀವಿ."

"ಯಾವಾಗ ಕೇಳಿದ್ಲು?"

"ಮೇದಲ್ಲಿ."

ಮೇ ತಿಂಗಳು. ಅಂದರೆ ಹಾಲು ಉಕ್ಕುವುದಕ್ಕೆ ಮೊದಲು. ಅಂದರೆ ಮೊದಲನೆಯ ಚಹಾಕ್ಕೆ ಮೊದಲು!

ಬಸವಂತರಾಯರು ಕಾಂದಿವಲಿ ಸ್ಟೇಷನ್ನಿನಲ್ಲಿ ಲೋಕಲ್ ಹತ್ತಿದ್ದು ರುದ್ರಾವತಾರದಲ್ಲಿ. ವಿಶ್ವಾಸಘಾತ! ಗೃಹದ್ರೋಹ! ಸೌಟು ಹಿಡಿಸಿ ಗಂಡನ ಮಾನಹರಣ! ಗೋರೆಗಾಂವ್ ಬರುವಷ್ಟರಲ್ಲಿ ಭಾಷಣದ ಪೀಠಿಕೆ ಸಿದ್ಧವಾಯಿತು. ಆದರೆ ಪುರಾವೆ ಒದಗಿಸಲು ಹೋದಾಗ ತೊಡಕಾಯಿತು. ಮೀಟರ್ ಓಡುತ್ತಿದೆಯೆಂದು ಅವಳು ಯಾವತ್ತು ಹೇಳಿದ್ದಳು? ನೆನೆಸಿ ನೆನೆಸಿ ನೋಡಿದರು. ಒಮ್ಮೆಯೂ ಇಲ್ಲ. ಹೇಳಿದವರೆಲ್ಲ ತಾವೇ. ಅವಳು ಅಂದದ್ದು "ಹೌದಲ್ರೀ" ಮತ್ತು "ಚಹಾ ಇನ್ನೊಂದೀಟು". ಒಂದು ಸುಳ್ಳು ಅಕ್ಷರವಿಲ್ಲ. ಯಾವ ಇಲಾಖೆ ನೋಟೀಸು ಕೊಟ್ಟರೂ ನಿಲ್ಲುವಂತಿಲ್ಲ. ಮೆಟ್ರೋದಲ್ಲಿ ಕಂಬ ಹಿಡಿದು ನೇತಾಡುತ್ತಿದ್ದಾಗ ಅವರ ಮುಖದಲ್ಲಿ ಅವರಿಗರಿವಿಲ್ಲದೆ ನಗು ಮೂಡಿತ್ತು. ಎಂಥಾ ಹೆಂಗಸು! ಬಿಲ್ಡರನಿಗೆ ಮೂರು ಭಾಷೆ ಖರ್ಚಾಗಿತ್ತು. ತಮಗೆ ಒಂದು "ಹೌದಲ್ರೀ" ಸಾಕಾಗಿತ್ತು.

ಆದರೂ ಗಂಡನಾದವನು ಒಂದು ಮಾತಾದರೂ ಕೇಳಬೇಕಲ್ಲ? ಮನೆಗೆ ಬಂದರೆ ಹಾಲ್ ತುಂಬ ಗಿರಾಕಿಗಳು. ಅವರು ಹೆಂಡತಿಯನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದರು.

"ನಾ ಕಾಂದಿವಲಿಗೆ ಹೋಗಿದ್ದೆ."

ಶಿವಕುಮಾರಿ ಅವರ ಮುಖ ನೋಡಿದಳು. ಅರ್ಥವಾಯಿತು. ಅವಳು ತಲೆ ತಗ್ಗಿಸಲಿಲ್ಲ.

"ಮೊದಲ ದಿನಾನ ಹೇಳಬೇಕಂತ ಬಾಯಿ ತಗದಿದ್ದೆ. ನೀವು ಚಹಾ ತಂದು ಮುಂದಿಟ್ರಿ. ಲಗ್ನ ಆಗಿ ಇಷ್ಟು ವರ್ಷಕ್ಕ ಮೊದಲನೇ ಕಪ್ಪು. ಹೆಂಗ ಹೇಳ್ಲಿ?"

"ಆ ಮ್ಯಾಲೆ?"

"ಆ ಮ್ಯಾಲೆ ಎರಡನೇ ಕಪ್ಪು ತಂದ್ರಿ." ಅವಳ ದನಿ ಸ್ವಲ್ಪ ಇಳಿಯಿತು. "ಸಯನ್‌ದಾಗ ದಿನಾ ಪೂರ್ತಿ ಮಂದಿ ಲೆಕ್ಕಾ ಮಾಡಿ, ಲೋಕಲ್‌ನ್ಯಾಗ ನಿಂತು ಬಂದು, ಮತ್ತ ಕಣಕ ನಾದತಿದ್ನಿ. ಆಗ ನನಗ ದಣಿವಾಗೂದು ನಿಮ್ಮ ಕಣ್ಣಿಗೆ ಬೀಳತಿರಲಿಲ್ರಿ. ಮೀಟರ್ ಅಂದ ಕೂಡಲೇ ಬಿತ್ತು. ಹಂಗಾರ ಮೀಟರ ಇರ್ಲಿ ಅಂದ್ನಿ."

ಬಸವಂತರಾಯರು ಒಲೆಯ ಪಕ್ಕದ ಬಟ್ಟೆ ತೆಗೆದು ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸಿದರು.

"ಸೀಜನ್ ಹೆಂಗಾತು?" ಎಂದು ಕೇಳಿದರು.

"ಮತ್ತೊಬ್ಬರ ಕೈ ಕೆಳಗ ಹೋಗೂ ಮಾತ ಇಲ್ರಿ" ಎಂದಳು ಶಿವಕುಮಾರಿ. ಈ ಸಲದ ನಗೆಯ ಹಿಂದೆ ಬೇರೇನೂ ಇರಲಿಲ್ಲ.

ಅಷ್ಟರಲ್ಲಿ ಬಾಗಿಲ ಗಂಟೆ ಬಾರಿಸಿತು. ಎದುರು ಫ್ಲ್ಯಾಟಿನ ಅಮೋಲ್. ಅವನ ಹಿಂದೆ ಹೆಂಡತಿ ರಂಜನಾ, ಮುಖ ಕೆಂಪಗಾಗಿತ್ತು. ಅಮೋಲ್ ನೇರ ವಿಷಯಕ್ಕೆ ಬಂದ.

"ಕಾಕಾ, ಇವಳು ಮನೆಯಿಂದ ಆನ್‌ಲೈನ್ ಟ್ಯೂಷನ್ ಚಾಲೂ ಮಾಡಿದ್ದಾಳೆ. ಅದಕ್ಕೂ ನಿಮ್ಮ ಮನೆ ಹಾಗೇ ಮೀಟರ್ ಇದೆ ಅಂತಾಳೆ. ಕ್ಲಾಸ್ ಮಧ್ಯೆ ಏಳೋಕ್ಕೆ ಆಗಲ್ಲ, ರೋಟಿ ನೀವೇ ಮಾಡಿ ಅಂತಾಳೆ! ನನಗೆ ಭರವಸಾ ಇಲ್ಲ. ನೀವು ಸುಳ್ಳು ಹೇಳೋ ಆದ್ಮಿ ಅಲ್ಲ. ಸಚ್ ಬೋಲಿಯೇ, ಮೀಟರ್ ಓಡ್ತದಾ?"

ಬಸವಂತರಾಯರು ರಂಜನಾಳ ಮುಖ ನೋಡಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತ ಶಿವಕುಮಾರಿಯ ಮುಖ ನೋಡಿದರು. ತಮ್ಮ ಒಂದು ಮಾತಿಗಾಗಿ ಅವಳು ಹಾಗೆ ಉಸಿರು ಬಿಗಿಹಿಡಿದು ನಿಂತದ್ದನ್ನು ಅವರು ಹಿಂದೆಂದೂ ಕಂಡಿರಲಿಲ್ಲ. ಟ್ರೇ ನೋಡಿ ನಕ್ಕ ಅಮೋಲನ ಹಲ್ಲುಗಳೂ ಅದೇ ಹೊತ್ತಿಗೆ ನೆನಪಾದವು.

"ಓಡತೈತಪಾ" ಎಂದರು ಬಸವಂತರಾಯರು, ನಿಟ್ಟುಸಿರು ಬಿಟ್ಟು. "ಸೆಕೆಂಡ್ ಸೆಕೆಂಡಿಗೂ ಓಡತೈತಿ. ಅಕಿನ್ನ ಏಳಾಕ ಬಿಡಬ್ಯಾಡ."

ಅಮೋಲನ ಮುಖ ಬಿಳಿಚಿತು. "ಅರೇ, ಅವಳ ಲ್ಯಾಪ್‌ಟಾಪ್ ಈಗಲೂ ಚಾಲೂ ಇದೆ!" ಎಂದು ರಂಜನಾಳನ್ನು ಕೈಹಿಡಿದು ಎಳೆದುಕೊಂಡೇ ಓಡಿದ. ಹೋಗುತ್ತ ರಂಜನಾ ಹಿಂತಿರುಗಿ ಶಿವಕುಮಾರಿಗೆ ಕೈ ಮುಗಿದಳು.

"ಭಾಳ ಚಲೋ ಹೇಳಿದ್ರಿ" ಎಂದಳು ಶಿವಕುಮಾರಿ. ಹೆಂಡತಿಯ ಬಾಯಿಂದ ಇಂಥ ಮಾತು ಕೇಳಿ ಬಸವಂತರಾಯರು ಮೀಸೆ ನೀವಿಕೊಂಡರು. ಅವಳು ಮೇಜಿಗೆ ಹೋಗಿ ಕೂತು, ಲ್ಯಾಪ್‌ಟಾಪ್ ತೆರೆದು, ಮೃದುವಾಗಿ ಮುಂದುವರಿಸಿದಳು:

"ಆದ್ರ ನೋಡ್ರಿ, ಎರಡೂ ಮನಿ ಬಾಗಿಲು ಎದರಾಬದರಾ ಅದಾವ. ಇನ್ನ ನೀವು ಟ್ರೇ ಇಲ್ದ ಕಂಡ್ರ ಅಮೋಲ್ ಏನಂತಾನ? ಸಾಕ್ಷಿ ನೀವ ಹೇಳೀರಿ. ಮಂದಿ ಕುಂತಾರ, ಒಂದೀಟು ಚಹಾ..."

ಬಸವಂತರಾಯರ ಕೈ ಮೀಸೆಯ ಮೇಲೇ ನಿಂತಿತು. ವಾದಿಸಲು ಬಾಯಿ ತೆರೆದರು. ತೆರೆದ ಬಾಗಿಲಾಚೆ ಎದುರು ಮನೆಯಲ್ಲಿ ಪಾತ್ರೆಗಳು ಉರುಳಿದ ಸದ್ದಾಯಿತು, ಹಿಂದೆಯೇ ಅಮೋಲನ ಆರ್ತನಾದ:

"ಕಾಕಾ! ಚಹಾಪುಡಿ ಪೆಹಲೇನಾ, ಸಕ್ಕರೆ ಪೆಹಲೇನಾ?"

ಬಸವಂತರಾಯರು ಅಡುಗೆಮನೆಯ ಗೂಟದಿಂದ ಇಕ್ಕಳ ತೆಗೆದುಕೊಂಡು, ಅನುಭವಸ್ಥನ ಗಾಂಭೀರ್ಯದಿಂದ ಕೂಗಿ ಹೇಳಿದರು: "ಮೊದಲು ನೀರಪಾ, ನೀರು!"